ಮದುವೆ ಆಗುವ ತನಕ ಮುಚ್ಚಬಾರದು

ನಮ್ಮ ಅಂಗಡಿಯ ಕಂಪ್ಯೂಟರಿನ ಪರದೆಯ ಬಲಮೂಲೆಯಲ್ಲಿ ಒಂದು ಹಸಿರು ಚಕ್ರವಿದೆ. ಬಳೆಯಷ್ಟು ದೊಡ್ಡದು. ಯಂತ್ರದ ಮೆಮೊರಿ ಎಷ್ಟು ತುಂಬಿದೆ, ಅದರ ತಲೆಯ ಮೇಲೆ ಎಷ್ಟು ಕೆಲಸ ಬಿದ್ದಿದೆ ಎಂದು ಅದು ಆಗಿಂದಾಗ್ಗೆ ಶೇಕಡಾ ಲೆಕ್ಕದಲ್ಲಿ ಹೇಳುತ್ತಿರುತ್ತದೆ. ಭಾರ ಹೆಚ್ಚಾದರೆ ಹಳದಿ, ಇನ್ನೂ ಹೆಚ್ಚಾದರೆ ಕೆಂಪು. ಚಿಂತಾಮಣಿಯಲ್ಲಿ ಲಗ್ನಪತ್ರಿಕೆ ಅಚ್ಚು ಮಾಡಿಸಿಕೊಡುವ ನನ್ನಂಥವಳಿಗೆ ಈ ವೈಭವವೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಅಂಗಡಿಗೆ ಬಂದವರೂ ಕೇಳುತ್ತಾರೆ. ಅವರಿಗೆ ‘ಹೊಸ ಗಡಿಯಾರ’ ಎಂದು ಹೇಳಿ ಸುಮ್ಮನಾಗುತ್ತೇನೆ. ನಿಮಗೆ ಪೂರ್ತಿ ಹೇಳುತ್ತೇನೆ, ಕೂತುಕೊಳ್ಳಿ.

ತಪ್ಪು ಯಂತ್ರದ್ದಲ್ಲ. ತಪ್ಪೆಲ್ಲ ನಮ್ಮ ಅಜ್ಜಿಯದು. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ನಾನು ಬೆಳೆದದ್ದು ಶಿಡ್ಲಘಟ್ಟದಲ್ಲಿ, ಆ ಅಜ್ಜಿಯ ಮನೆಯಲ್ಲಿ. ಅಲ್ಲಿ ಏನೂ ಮುಗಿಯುತ್ತಿರಲಿಲ್ಲ, ಏನೂ ಮುಚ್ಚುತ್ತಿರಲಿಲ್ಲ, ಏನೂ ಆರುತ್ತಿರಲಿಲ್ಲ. ಹಾಗೆ ಬಾಯಿಬಿಟ್ಟು ಹೇಳಿದರೆ ಬಾಯಿಯ ಮೇಲೇ ಏಟು ಬೀಳುತ್ತಿತ್ತು. ದೀಪ ಆರಿಸಬೇಕಾದರೆ ‘ದೀಪ ದೊಡ್ಡದು ಮಾಡು’ ಎನ್ನಬೇಕು. ಬಳೆ ಒಡೆದರೆ ‘ಬಳೆ ಹೆಚ್ಚಿತು’. ಅಕ್ಕಿ ಡಬ್ಬದ ತಳ ಕಂಡರೆ ‘ಅಕ್ಕಿ ತುಂಬಿದೆ’. ಮನೆಯಿಂದ ಹೊರಟವರು ‘ಹೋಗ್ತೀನಿ’ ಎಂದರೆ ಅಜ್ಜಿ ಅವರನ್ನು ವಾಪಸು ಕರೆದು ಕೂರಿಸಿ, ಒಂದು ಲೋಟ ನೀರು ಕುಡಿಸಿ, ‘ಬರ್ತೀನಿ’ ಅನ್ನಿಸಿಕೊಂಡೇ ಬಿಡುತ್ತಿದ್ದಳು. ಬೆಂಗಳೂರಲ್ಲಿ ಬೆಳೆದ ನಮ್ಮ ಚಿಕ್ಕಪ್ಪ ಹೊಸ ಅಳಿಯನಾಗಿ ಬಂದಿದ್ದಾಗ, ಅಡುಗೆಮನೆಯಿಂದ ‘ಅಕ್ಕಿ ತುಂಬಿದೆ’ ಎಂಬ ಮಾತು ಕೇಳಿ ಖುಷಿಯಾಗಿ, ಪೇಟೆಯಲ್ಲಿ ಸಿಕ್ಕ ಇಬ್ಬರು ಸ್ನೇಹಿತರನ್ನೂ ಊಟಕ್ಕೆ ಕರೆತಂದುಬಿಟ್ಟರು. ಆವತ್ತು ಮೂವರಿಗೂ ಮುದ್ದೆ ಬಡಿಸಿದರು. ಚಿಕ್ಕಪ್ಪನಿಗೆ ಮುದ್ದೆ ನುಂಗಲು ಬಾರದು, ಅಗಿದರು. ಅಳಿಯಂದಿರು ಮುದ್ದೆ ಅಗಿದ ಕಥೆಯನ್ನು ಅಜ್ಜಿ ಸಾಯುವ ತನಕ ಹೇಳಿಕೊಂಡು ನಗುತ್ತಿದ್ದಳು.

ಅಜ್ಜಿಯ ಮನೆ ಎಂದರೆ ನಿಜವಾಗಿ ಹುಳುವಿನ ಮನೆ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಮನುಷ್ಯರು ಬಾಡಿಗೆಗೆ ಇದ್ದ ಹಾಗೆ ಇರಬೇಕು. ಮೊಟ್ಟೆ ಒಡೆದು ಬಂದಾಗ ಹುಳುವೆಲ್ಲ ಒಂದೇ ತಟ್ಟೆಯಲ್ಲಿ ಹಿಡಿಸುತ್ತದೆ, ಸಾಸಿವೆ ಚೆಲ್ಲಿದಂತೆ ಕಾಣುತ್ತದೆ. ಆಮೇಲೆ ಒಂದೊಂದು ಸಲ ಪೊರೆ ಬಿಟ್ಟಾಗಲೂ, ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ, ಅವು ದಪ್ಪಗಾಗಿ ಇನ್ನಷ್ಟು ಜಾಗ ಕೇಳುತ್ತವೆ. ನಾಲ್ಕನೇ ಜ್ವರ ಎದ್ದವೆಂದರೆ ನಡುಮನೆ, ಪಡಸಾಲೆ, ದೇವರ ಗೂಡಿನ ಮುಂದಿನ ಜಾಗ ಎಲ್ಲ ಅವುಗಳದ್ದೇ. ಆಗ ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಾಗ ಹಂಚಲು ನಿಲ್ಲುತ್ತಿದ್ದಳು. ನನ್ನ ಪುಸ್ತಕ ಅಟ್ಟಕ್ಕೆ. ಹಬ್ಬದ ಪಾತ್ರೆ ಪಕ್ಕದ ಮನೆಗೆ. ತಾತನ ಮಂಚ ಕೊಟ್ಟಿಗೆಗೆ, ತಾತನ ಸಮೇತ. ತಾತ ಗೊಣಗಿದರೆ, “ನೀನೇನು ಗೂಡು ಕಟ್ತೀಯಾ?” ಎಂದು ಕೇಳುತ್ತಿದ್ದಳು. ತಾತ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಕೊಟ್ಟಿಗೆಗೆ ನಡೆಯುತ್ತಿದ್ದ.

ಆದರೆ ಒಂದು ಮಾತು ಒಪ್ಪಬೇಕು. ಎಷ್ಟೇ ಇಕ್ಕಟ್ಟಾದರೂ ಅಜ್ಜಿ ಯಾವುದನ್ನೂ ಆಚೆಗೆ ಎಸೆದವಳಲ್ಲ. ಸರಿಸುತ್ತಿದ್ದಳು, ಅಷ್ಟೆ. ಹುಳು ಹಣ್ಣಾಗಿ, ಚಂದ್ರಂಕಿ ಎನ್ನುವ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋದ ಮೇಲೆ ತಾತನೂ ಮಂಚವೂ ಮತ್ತೆ ಒಳಗೆ ಬರುತ್ತಿದ್ದರು.

ಇಂಥ ಮನೆಯಲ್ಲಿ ಬೆಳೆದವಳು ಕಂಪ್ಯೂಟರ್ ಇಟ್ಟುಕೊಂಡರೆ ಏನಾಗಬೇಕೋ ಅದೇ ಆಯಿತು.

ಅಂಗಡಿ ಹಾಕಿದ ಹೊಸತು. ಒಬ್ಬ ಹೆಂಗಸು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಗಣಪತಿ, ವೆಂಕಟರಮಣ, ಬಾಳೆಕಂಬ, ಗಂಡುಹೆಣ್ಣಿನ ಫೋಟೋ ಎಲ್ಲ ಕೂರಿಸಿ, “ನಾಳೆ ಬನ್ನಿ” ಎಂದು ಹೇಳಿ ನಾನು ಫೈಲಿನ ಮೂಲೆಯ ಇಂಟು ಗುರುತನ್ನು ಒತ್ತಿದೆ. ಪತ್ರಿಕೆ ಪಟ್ಟನೆ ಮಾಯವಾಯಿತು. ಆಕೆಯ ಮುಖ ಬಿಳಿಚಿಕೊಂಡಿತು.

“ಏನಮ್ಮಾ ಇದು, ಕಣ್ಣೆದುರಿಗೇ ನಮ್ಮ ಹುಡುಗಿ ಮದುವೆ ಮುಚ್ಚಾಕ್ಬಿಟ್ಯಲ್ಲ?”

ಏನೂ ಹೋಗಿಲ್ಲ, ಒಳಗೇ ಇದೆ ಎಂದು ತೆಗೆದು ತೋರಿಸಿದೆ. ಆಕೆ ಒಪ್ಪಲಿಲ್ಲ. ಒಳಗಿದ್ದರೆ ಸಾಲದು, ತೆಗೆದೇ ಇರಬೇಕು, ತಾಳಿ ಕಟ್ಟುವವರೆಗೂ ಮುಚ್ಚಬಾರದು ಎಂದರು. ನನ್ನ ಬಾಯಿಗೆ ಅಜ್ಜಿಯ ಏಟಿನ ನೆನಪಾಯಿತು. ಆವತ್ತಿನಿಂದ, ಮದುವೆ ಆಗುವ ತನಕ ನಾನು ಇಂಟು ಗುರುತನ್ನು ಮುಟ್ಟುವುದಿಲ್ಲ. ಅದರ ಪಕ್ಕದಲ್ಲಿ ಒಂದು ಚಿಕ್ಕ ಗೆರೆ ಇದೆ ನೋಡಿ, ಅದನ್ನು ಒತ್ತಿದರೆ ಪತ್ರಿಕೆ ಮೆಲ್ಲಗೆ ಕೆಳಕ್ಕಿಳಿದು ಪರದೆಯ ಅಂಚಿನಲ್ಲಿ ಕೂತಿರುತ್ತದೆ. ಹೋದ ಹಾಗೂ ಅಲ್ಲ, ಇದ್ದ ಹಾಗೂ ಅಲ್ಲ. ‘ಬರ್ತೀನಿ’ ಅಂದ ಹಾಗೆ.

ಈ ಸುದ್ದಿ ಸುತ್ತಮುತ್ತ ಹರಡಿತು. ‘ಆ ಅಂಗಡಿಯವರು ಮದುವೆ ಆಗೋ ತನಕ ಪತ್ರಿಕೇನ ಮುಚ್ಚಲ್ಲ’ ಎಂದು ನನಗೊಂದು ಹೆಸರೇ ಬಂತು. ಅಕ್ಷರ ಎಷ್ಟು ತಪ್ಪಾಗಿದ್ದರೂ ಕ್ಷಮಿಸುತ್ತಿದ್ದ ಜನ, ದಾರಿಯಲ್ಲಿ ಸಿಕ್ಕರೆ, “ಅಮ್ಮಾ, ನಮ್ದು ತೆಗ್ದೇ ಐತಲ್ಲ?” ಎಂದು ಕೇಳುತ್ತಿದ್ದರು. ಕರೆಂಟು ಹೋದರೆ ಇರಲಿ ಎಂದು ಇನ್ವರ್ಟರ್ ಹಾಕಿಸಿದೆವು. ಸಂಜೆ ಬಾಗಿಲು ಹಾಕುವಾಗಲೂ ಯಂತ್ರವನ್ನು ಆರಿಸುವುದಿಲ್ಲ, ಮಲಗಿಸಿ ಬರುತ್ತೇನೆ.

ಹೀಗೆ ಲಗ್ನದ ತಿಂಗಳು ಬಂತೆಂದರೆ ಪರದೆಯ ಅಂಚಿನಲ್ಲಿ ಮದುವೆಗಳ ಸಾಲೇ ಸಾಲು. ಪ್ರತಿ ಪತ್ರಿಕೆಯಲ್ಲೂ ಚಿನ್ನದ ಅಂಚು, ಆನೆ, ನವಿಲು. ಯಂತ್ರ ಬಡಪಾಯಿ, ಬೇಸಿಗೆಯಲ್ಲಿ ಏರು ಹತ್ತುವ ಬಸ್ಸಿನಂತೆ ಏದುಸಿರು ಬಿಡುತ್ತಿತ್ತು. ನಾನು ‘ವೆಂಕಟರವಣಪ್ಪ’ ಎಂದು ಪೂರ್ತಿ ಒತ್ತಿ ಮುಗಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು ನೋಡಿದರೆ ಪರದೆಯ ಮೇಲೆ ಇನ್ನೂ ‘ವೆಂ’ ಬಂದಿರುತ್ತಿತ್ತು. ಸೇವ್ ಒತ್ತಿದರೆ ಒಂದು ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದು. ಅದಕ್ಕೆ, ಗಿರಾಕಿಗಳು ಕೂತಿರುವಾಗ ಸೇವ್ ಮಾಡುವ ಗೋಜಿಗೆ ಹೋಗದೆ, ಎಲ್ಲರೂ ಎದ್ದುಹೋದ ಮೇಲೆ ಒಟ್ಟಿಗೆ ಮಾಡುತ್ತಿದ್ದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಮನೆಯವರು ಚಿಕ್ಕಬಳ್ಳಾಪುರದ ಕಡೆ ವಿದ್ಯುತ್ ಉಪಕೇಂದ್ರವೊಂದರಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಈಗ ಅಂಗಡಿಯ ಮೂಲೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾ, ಕೇಳದವರಿಗೆಲ್ಲ ಸಲಹೆ ಕೊಡುತ್ತಾ ಇರುತ್ತಾರೆ. ಯಂತ್ರದ ಅವಸ್ಥೆ ನೋಡಿ ಅವರಿಗೆ ಹಳೆಯ ಉತ್ಸಾಹ ಬಂತು.

“ಸುಶೀಲಾ, ಇಷ್ಟು ಲೋಡ್ ಇಟ್ಕೊಂಡ್ರೆ ಯಾವ ಟ್ರಾನ್ಸ್‌ಫಾರ್ಮರ್ ತಡೀತದೆ? ಒಂದೆರಡು ಫೀಡರ್ ಲೈನ್ ತೆಗಿ.”

“ಇವು ನಿಮ್ಮ ಫೀಡರ್ ಅಲ್ಲ ರೀ, ಬೇರೆಯವರ ಮನೆ ಮದುವೆ.”

“ನಾವು ಕರೆಂಟ್ ತೆಗೀತಿದ್ದ ಊರುಗಳಲ್ಲೂ ಮದುವೆಗಳಿರ್ತಿದ್ವು ಕಣೇ. ಈ ಊರಿಗೆ ಬೆಳಕು ಬೇಕು ಅಂದ್ರೆ ಆ ಊರು ಸ್ವಲ್ಪ ಹೊತ್ತು ಕತ್ತಲಲ್ಲಿ ಇರ್ಬೇಕು. ಲೋಡ್ ಶೆಡ್ಡಿಂಗ್ ಅಂದ್ರೆ ಅದೇ.”

ಯಂತ್ರಕ್ಕೆ ಇನ್ನೊಂದಿಷ್ಟು ಮೆಮೊರಿ ಹಾಕಿಸಬಹುದಿತ್ತು. ಆದರೆ ಅದಕ್ಕೆ ಯಂತ್ರವನ್ನು ಬಿಚ್ಚಬೇಕು, ಬಿಚ್ಚಲು ಆರಿಸಬೇಕು, ಆರಿಸಿದರೆ ಅಷ್ಟೂ ಮದುವೆಗಳು ಮುಚ್ಚುತ್ತವೆ. ಆದ್ದರಿಂದ ಹುಡುಕಾಡಿ, ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರನ್ನು ಇಳಿಸಿಕೊಂಡೆ. ಮೆಮೊರಿಯನ್ನು ಚೊಕ್ಕ ಮಾಡುತ್ತದೆ, ಯಂತ್ರದ ಭಾರ ಇಳಿಸುತ್ತದೆ ಎಂದು ಅದರ ಹೊಗಳಿಕೆ. ಬಂದ ಕೂಡಲೇ ಅದು ಹಸಿರು ಚಕ್ರವಾಗಿ ಮೂಲೆ ಹಿಡಿದು ಕೂತು ನನಗೆ ಪ್ರಶ್ನೆಗಳನ್ನು ಕೇಳಲಾರಂಭಿಸಿತು. ಭಾರ ವಿಪರೀತವಾದಾಗ, ಬಹಳ ಹೊತ್ತಿನಿಂದ ಯಾರೂ ಮುಟ್ಟದ ಕೆಲಸಗಳನ್ನು ಮಲಗಿಸಲೇ ಎಂಬುದು ಅವುಗಳಲ್ಲೊಂದು. ಮಲಗಿಸುವುದು ತಾನೆ, ಪಾಪ, ಮಲಗಲಿ ಎಂದು ನಾನು ‘ಹೂಂ’ ಎಂಬ ಕಡೆ ಒತ್ತಿದೆ. ಅಜ್ಜಿಯ ಮೊಮ್ಮಗಳಾಗಿ ನನಗೆ ಅನುಮಾನ ಬರಬೇಕಿತ್ತು. ನಯವಾದ ಮಾತಿನ ಹಿಂದೆ ಖಾಲಿ ಅಕ್ಕಿ ಡಬ್ಬ ಇರುತ್ತದೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಮೊದಮೊದಲು ಬಹಳ ಸುಖವಾಗಿತ್ತು. ಚಕ್ರ ಕೆಂಪಾದಾಗ ಅದರ ನಡುವೆ ಒಮ್ಮೆ ಒತ್ತಿದರೆ ಸರ್ರನೆ ತಿರುಗಿ ಹಸಿರಾಗುತ್ತಿತ್ತು. ಎರಡು ಅಕ್ಷರ ಒತ್ತುವುದರೊಳಗೆ ಮತ್ತೆ ಕೆಂಪಾಗುತ್ತಿತ್ತು. ಮತ್ತೆ ಒತ್ತುತ್ತಿದ್ದೆ. ಪತ್ರಿಕೆ ಮಾಡುವುದಕ್ಕಿಂತ ಚಕ್ರ ಒತ್ತುವುದೇ ದೊಡ್ಡ ಕೆಲಸವಾಯಿತು. ಒಂದು ದಿನ ಯಂತ್ರದಲ್ಲಿ ಯಾರು ಯಾರು ಎಷ್ಟು ಮೆಮೊರಿ ತಿನ್ನುತ್ತಿದ್ದಾರೆ ಎಂದು ತೆಗೆದು ನೋಡಿದರೆ, ಮುಂದಿನ ಪಂಕ್ತಿಯಲ್ಲೇ ಎಲೆ ಹಾಕಿಕೊಂಡು ಕೂತಿದ್ದದ್ದು ಈ ಸಾಫ್ಟ್‌ವೇರೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಹಾಗೆ. ಆದರೂ ತೆಗೆದುಹಾಕಲಿಲ್ಲ. ಮನೆಯಲ್ಲಿ ನಿವೃತ್ತರೊಬ್ಬರನ್ನು ಇಟ್ಟುಕೊಂಡ ಅಭ್ಯಾಸ ನನಗಿತ್ತು.

ಆ ದಿನಗಳಲ್ಲೇ ಪಾರ್ವತಮ್ಮ ಬಂದದ್ದು. ಕೈವಾರದ ಪಕ್ಕದ ಹಳ್ಳಿಯವರು. ಮಗಳು ಚೈತ್ರಳ ಮದುವೆ. ಯಜಮಾನರು ಟೊಮೆಟೊ ಮಾರಲು ಮಾರುಕಟ್ಟೆಗೆ ಹೋಗಿದ್ದಾರೆ, ಹೆಸರೆಲ್ಲ ನಾನೇ ಹೇಳುತ್ತೇನೆ ಎಂದರು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಗಂಡುಹೆಣ್ಣಿನ ಹೆಸರನ್ನು ಯಾರೂ ಓದುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುತ್ತದೆ. ಓದುವುದು ಕೆಳಗಿನ ಹೆಸರುಗಳನ್ನು. ಯಾರದು ಮೇಲೆ, ಯಾರದು ಕೆಳಗೆ, ಯಾರದು ದಪ್ಪ, ಯಾರದು ಸಣ್ಣ. ಪಾರ್ವತಮ್ಮ ಒಂದೊಂದೇ ಹೇಳಿ ಬರೆಸಿ, ಕೊನೆಗೆ ಸ್ವಲ್ಪ ತಗ್ಗಿದ ದನಿಯಲ್ಲಿ, “ಸೋದರಮಾವನ ಆಶೀರ್ವಾದ ಅಂತ ಒಂದು ಸಾಲು ಹಾಕಿ. ಶ್ರೀ ರವಣಪ್ಪ, ತೊಂಡೇಬಾವಿ. ನನ್ನ ತಮ್ಮ” ಎಂದರು. ಹಾಕಿದೆ. ಸಂಜೆ ಸೇವ್ ಕೂಡ ಮಾಡಿದೆ.

ಮಾರನೆಯ ದಿನ ಆಕೆಯ ಯಜಮಾನರು ಅಂಜಿನಪ್ಪ ಒಬ್ಬರೇ ಬಂದರು. ಎತ್ತರದ ಆಳು, ಮಾತು ಕಡಿಮೆ. ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಪರದೆಗೆ ಮುಖ ಹಚ್ಚಿ ಮೇಲಿನಿಂದ ಕೆಳಗೆ ಓದಿದರು. ಒಂದು ಕಡೆ ಬೆರಳು ನಿಂತಿತು.

“ಇದ್ಯಾರು ಹಾಕ್ಸಿದ್ದು?”

“ಅಕ್ಕ ಹೇಳಿದ್ರು ಅಣ್ಣಾ.”

“ತೆಗಿಯಮ್ಮಾ ಅದನ್ನ.”

“ಅಣ್ಣಾ, ಸೋದರಮಾವನ ಹೆಸರು...”

“ಅವನು ಗೃಹಪ್ರವೇಶದ ಕಾರ್ಡಲ್ಲಿ ನನ್ನ ಹೆಸರು ಎಲ್ಲಿ ಹಾಕ್ಸಿದ್ದ ಗೊತ್ತಾ? ಮನೆ ಕಟ್ಟಿದ ಮೇಸ್ತ್ರಿ ಹೆಸರಿನ ಕೆಳಗೆ. ಆ ಮನೆ ಹೆಬ್ಬಾಗಿಲಿಗೆ ಬೇವಿನ ಮರ ಕಡಿಸಿ ಕಳ್ಸಿದವನು ನಾನು. ನಾನು ಮೇಸ್ತ್ರಿಗಿಂತ ಕೆಳಗೆ.”

ಆ ಕಾರ್ಡು ಗೌರಿಬಿದನೂರಿನ ಯಾವುದೋ ಅಂಗಡಿಯಲ್ಲಿ ಆದದ್ದಂತೆ. ರವಣಪ್ಪ ಸಣ್ಣಪುಟ್ಟ ಹೆಸರುಗಳನ್ನು ಅಂಗಡಿಯವರ ಇಷ್ಟಕ್ಕೆ ಬಿಟ್ಟಿದ್ದನಂತೆ. ಮೇಸ್ತ್ರಿಯ ಹೆಸರು ಉದ್ದ, ಮೇಲಿನ ಸಾಲಿನಲ್ಲಿ ಚೆನ್ನಾಗಿ ಕೂತಿದೆ. ಅಂಜಿನಪ್ಪ ಮೋಟು ಹೆಸರು, ಕೆಳಗೆ ಬಿದ್ದಿದೆ. ನಾನು ಇದೇ ಕಸುಬಿನವಳು, ಹೀಗೇ ಆಗಿರಬೇಕೆಂದು ನನಗೆ ಗೊತ್ತು. ಆದರೆ ಹೇಳುವುದು ಯಾರಿಗೆ? ಅಂದಿನಿಂದ ಭಾವ ಬಾಮೈದರ ನಡುವೆ ಮಾತಿಲ್ಲ, ಹೋಗಿಬರುವುದಿಲ್ಲ. ಅವರ ಮನೆಮಾತು ತೆಲುಗು. ಹೀಗಾಗಿ ಜಗಳ ತೆಲುಗಿನಲ್ಲಿ, ಅದಕ್ಕೆ ಕಾರಣವಾದ ಪತ್ರಿಕೆ ಕನ್ನಡದಲ್ಲಿ.

ನಾನು ಇನ್ನೊಂದು ಸಲ ಬಾಯಿ ಹಾಕಿದೆ. “ಹುಡುಗೀನ ಹಸೆಮಣೆಗೆ ಯಾರು ಕರ್ಕೊಂಡು ಬರ್ತಾರೆ ಅಣ್ಣಾ?” ಅದು ಸೋದರಮಾವನೇ ಮಾಡಬೇಕಾದ ಶಾಸ್ತ್ರ.

“ದೂರದ ಸಂಬಂಧದಲ್ಲಿ ಯಾರೋ ಒಬ್ಬ ಸಿಗ್ತಾನೆ ಬಿಡು” ಎಂದು ಅಂಜಿನಪ್ಪ ಕನ್ನಡಕವನ್ನು ಜೇಬಿಗಿಟ್ಟುಕೊಂಡರು. ಅವರ ಎದುರಿಗೇ ಆ ಸಾಲನ್ನು ಅಳಿಸಿದೆ. ಅಂಗಡಿಯಲ್ಲಿ ಇನ್ನೂ ಮೂರ್ನಾಲ್ಕು ಜನ ಕಾಯುತ್ತಿದ್ದರು, ಸೇವ್ ಆಮೇಲೆ ಮಾಡಿದರಾಯಿತೆಂದು ಪತ್ರಿಕೆಯನ್ನು ಕೆಳಕ್ಕಿಳಿಸಿದೆ.

ಬಹಳ ಹೊತ್ತಾದ ಮೇಲೆ, ಸರತಿಯ ಕೊನೆಗೆ ಬಂದ ಗಿರಾಕಿ ಒಂದು ಅರಮನೆಯ ಚಿತ್ರ ತಂದಿದ್ದರು. ಪತ್ರಿಕೆಯ ತುಂಬ ಆ ಅರಮನೆ ಬರಬೇಕು, ಅರಮನೆಯ ಮುಂದೆ ಕುದುರೆಸಾರೋಟು, ಸಾರೋಟಿನಲ್ಲಿ ಗಂಡುಹೆಣ್ಣು. ಅದನ್ನು ತೆಗೆಯುತ್ತಿದ್ದಂತೆ ಚಕ್ರ ಕುಂಕುಮದಂತೆ ಕೆಂಪಾಯಿತು, ಯಂತ್ರ ಒಮ್ಮೆ ಗುಂಯ್ ಎಂದಿತು, ಸ್ವಲ್ಪ ಹೊತ್ತಿಗೆ ಹಸಿರಾಯಿತು. ಸಾಫ್ಟ್‌ವೇರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ನಾನು ಹೆಮ್ಮೆಯಿಂದ ನಮ್ಮ ಮನೆಯವರ ಕಡೆ ನೋಡಿದೆ. ಅವರೂ ತಲೆಯಾಡಿಸಿದರು.

ಎರಡು ದಿನ ಬಿಟ್ಟು ಪ್ರೂಫ್ ನೋಡಲು ಅಂಜಿನಪ್ಪ, ಪಾರ್ವತಮ್ಮ ಇಬ್ಬರೂ ಬಂದರು. ಅಂಚಿನಲ್ಲಿ ಅವರ ಪತ್ರಿಕೆ ಕಾಣಲಿಲ್ಲ. ಎಲ್ಲೋ ಕೈತಪ್ಪಿರಬೇಕೆಂದುಕೊಂಡು, ಮುಚ್ಚಿದ್ದು ಅವರಿಗೆ ತಿಳಿಯದ ಹಾಗೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಒಳಗಿನಿಂದ ಮತ್ತೆ ತೆಗೆದು, ಒಂದು ಬಿಳಿ ಹಾಳೆಯ ಮೇಲೆ ಪ್ರಿಂಟ್ ತೆಗೆದು ಕೊಟ್ಟೆ. ಅಂಜಿನಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡು ಜೇಬನ್ನು ತಡವಿಕೊಂಡರು.

“ಕನ್ನಡಕ ಮರ್ತು ಬಂದೀನಿ. ನೀನೇ ಓದು.”

ಪಾರ್ವತಮ್ಮ ಓದತೊಡಗಿದರು. ಮುಹೂರ್ತ ಸರಿ. ಛತ್ರದ ಹೆಸರು ಸರಿ. ಅಜ್ಜ ಅಜ್ಜಿಯರ ಹೆಸರು ಸರಿ. ನಾನು ಪರದೆಯ ಮೇಲೆ ಅವರ ಜೊತೆಜೊತೆಗೇ ಕಣ್ಣಾಡಿಸುತ್ತಿದ್ದೆ. ಒಂದು ಕಡೆ ಆಕೆ ನಿಂತರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಮುಂದಿನ ಸಾಲು ಓದಿದರು. ನನ್ನ ಕಣ್ಣು ಆ ಬಿಟ್ಟುಹೋದ ಸಾಲಿನ ಮೇಲೇ ನಿಂತುಬಿಟ್ಟಿತು. ‘ಸೋದರಮಾವನ ಆಶೀರ್ವಾದಗಳೊಂದಿಗೆ, ಶ್ರೀ ರವಣಪ್ಪ, ತೊಂಡೇಬಾವಿ.’ ನಾನೇ ಅಳಿಸಿದ ಸಾಲು, ಸ್ನಾನ ಮಾಡಿ ಬಂದ ಹಾಗೆ ಕೂತಿದೆ.

ಆಗ ಹೊಳೆಯಿತು, ಆ ಹಸಿರು ಚಕ್ರ ಮಲಗಿಸಿದ್ದು ಇದನ್ನೇ. ಅದರ ಭಾಷೆಯಲ್ಲಿ ಮಲಗಿಸುವುದು ಎಂದರೆ ಎಸೆಯುವುದು. ನಮ್ಮ ಅಜ್ಜಿಯಾಗಿದ್ದರೆ ಅಟ್ಟಕ್ಕಾದರೂ ಹಾಕುತ್ತಿದ್ದಳು. ಇದು ಪತ್ರಿಕೆಯನ್ನು ಮುಚ್ಚಿ, ನಾನು ಸೇವ್ ಮಾಡದೆ ಇಟ್ಟಿದ್ದ ತಿದ್ದುಪಡಿಯನ್ನು ಬೀದಿಗೆ ಚೆಲ್ಲಿ, ಒಳ್ಳೆಯವರಂತೆ ಹಸಿರಾಗಿದೆ. ಅಷ್ಟು ಮದುವೆಗಳ ಸಾಲಿನಲ್ಲಿ ಒಂದು ಕಡಿಮೆಯಾದದ್ದು ಸಂಜೆ ಸೇವ್ ಮಾಡುವಾಗ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಪಾರ್ವತಮ್ಮ ತಲೆಯೆತ್ತಿ ನನ್ನ ಮುಖ ನೋಡಿದರು. ಆ ಕಣ್ಣಿನಲ್ಲಿ ಏನಿತ್ತು ಎಂದರೆ, ಬಾಯಿ ಬಿಡಬೇಡಿ, ನಿಮ್ಮ ಕಾಲು ಹಿಡೀತೀನಿ ಎನ್ನುವ ಹಾಗಿತ್ತು.  ಹೆತ್ತ ಮಗಳ ಮದುವೆಗೆ ಒಡಹುಟ್ಟಿದವನು ಇಲ್ಲದಿದ್ದರೆ ಆ ಹೆಂಗಸು ಯಾವ ಬಾಯಲ್ಲಿ ನಗಬೇಕು?

“ಸರಿಯಾಗೈತಾ?” ಎಂದರು ಅಂಜಿನಪ್ಪ.

“ಐತೆ” ಎಂದರು ಪಾರ್ವತಮ್ಮ.

“ಹಂಗಾದ್ರೆ ಹಾಕ್ಸಮ್ಮಾ” ಎಂದು ನನಗೆ ಹೇಳಿ ಎದ್ದರು.

ನಾನು ಹೂಂ ಎಂದು ಪ್ರೂಫ್ ಹಾಳೆಯನ್ನು ಅಚ್ಚಿಗೆ ಹೋಗುವ ಕಟ್ಟಿಗೆ ಸೇರಿಸಿದೆ. ಅವರು ಹೋದ ಮೇಲೆ ನಮ್ಮ ಮನೆಯವರು ಪೇಪರ್ ಮಡಿಸಿ, “ಯಾಕೆ, ಮುಖ ಹಿಂಗಾಯ್ತು?” ಎಂದು ಕೇಳಿದರು. ಎಲ್ಲ ಹೇಳಿದೆ. “ಆಯಪ್ಪ ಕಾರ್ಡ್ ನೋಡಿ ಅಂಗಡಿಗೆ ಬಂದು ಕೂಗಾಡಿದ್ರೆ ಏನ್ರೀ ಮಾಡೋದು?”

“ಏನೂ ಮಾಡ್ಬೇಡ. ಮೇಲಿಂದ ಹೋಗಿದೆ ಅನ್ನು.”

ಇದು ಅವರ ಸರ್ವಿಸ್ಸಿನ ಸಾರ. ಕರೆಂಟು ಹೋದಾಗಲೆಲ್ಲ ಉಪಕೇಂದ್ರಕ್ಕೆ ಫೋನ್ ಮಾಡಿ ಜನ ಬೈಯುತ್ತಿದ್ದರಂತೆ. ಇವರು ‘ಮೇಲಿಂದ ಹೋಗಿದೆ’ ಎನ್ನುತ್ತಿದ್ದರಂತೆ. ಆ ಮೇಲಿನವರನ್ನು ಕೇಳಿದರೆ ಅವರಿಗೂ ಮೇಲಿಂದ. ಹೀಗೆ ಇಷ್ಟು ವರ್ಷ ಸುತ್ತಲಿನ ಊರುಗಳಲ್ಲಿ ಯಾರ ತಪ್ಪೂ ಇಲ್ಲದೆ ಕತ್ತಲಾಗಿದೆ.

ಅಚ್ಚಾಗಿ ಬಂದ ಪತ್ರಿಕೆಗಳನ್ನು ಒಯ್ಯಲು ಅಂಜಿನಪ್ಪನೇ ಬಂದರು. ನಾನು ಕಟ್ಟಿಗೆ ದಾರವನ್ನು ಎರಡು ಸುತ್ತು ಹೆಚ್ಚಾಗಿಯೇ ಬಿಗಿದಿಟ್ಟಿದ್ದೆ. ನಮ್ಮ ಮನೆಯವರಿಗೆ ಎಲ್ಲಿಂದ ಕುಚೋದ್ಯ ಬಂತೋ, “ಒಂದು ಬಿಚ್ಚಿ ನೋಡ್ಬಿಡ್ರಿ ಅಣ್ಣಾ” ಎಂದರು. ನಾನು ಕಣ್ಣಲ್ಲೇ ಅವರನ್ನು ಸುಟ್ಟೆ.

“ಮನೇಲಿ ಹೆಂಗಸ್ರು ನೋಡ್ಕೋತಾರೆ ಬಿಡಪ್ಪಾ” ಎಂದು ಅಂಜಿನಪ್ಪ ಕಟ್ಟನ್ನು ಬಿಚ್ಚದೆಯೇ ಹೆಗಲಿಗೇರಿಸಿಕೊಂಡು ಹೋದರು.

ಮದುವೆಗೆ ನಮ್ಮನ್ನೂ ಕರೆದಿದ್ದರು. ಹೋಗಬಾರದೆಂದುಕೊಂಡೆ, ಹೋಗದೆ ಇರಲಾಗಲಿಲ್ಲ. ಕೈವಾರದ ಛತ್ರದಲ್ಲಿ ಒಂದು ಕಂಬದ ಪಕ್ಕ, ಅಂಜಿನಪ್ಪನ ಕಣ್ಣಿಗೆ ಬೀಳದ ಹಾಗೆ ಕೂತೆ. ಪುರೋಹಿತರು ಹುಡುಗಿಯನ್ನು ಕರೆತನ್ನಿ ಎಂದು ಕೂಗುವ ಹೊತ್ತಾಗುತ್ತಿತ್ತು. ಪಾರ್ವತಮ್ಮ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಬಾಗಿಲಿನ ಕಡೆಗೇ ನೋಡುತ್ತಿದ್ದರು. ತಾವೇ ತೊಂಡೇಬಾವಿಗೆ ಹೋಗಿ ಕುಂಕುಮವಿಟ್ಟು ಪತ್ರಿಕೆ ಕೊಟ್ಟು ಬಂದಿದ್ದರಂತೆ. ತಮ್ಮ ಬರುತ್ತೇನೆ ಎಂದೂ ಅಂದಿರಲಿಲ್ಲ, ಬರುವುದಿಲ್ಲ ಎಂದೂ ಅಂದಿರಲಿಲ್ಲವಂತೆ.

ಬಂದ. ಬಿಳಿ ಪಂಚೆ, ಒಂದು ಕೈಯಲ್ಲಿ ಸೀರೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ನಾನು ಮಾಡಿದ ಪತ್ರಿಕೆ. ಬಾಗಿಲಲ್ಲಿ ಯಾರಾದರೂ ತಡೆದರೆ ತೋರಿಸಬೇಕಾಗುತ್ತದೇನೋ ಎನ್ನುವ ಹಾಗೆ ಅದನ್ನು ಹಿಡಿದುಕೊಂಡಿದ್ದ. ಅಂಜಿನಪ್ಪ ಅಲ್ಲೇ ಬಾಗಿಲ ಬಳಿ ಬಂದವರಿಗೆ ಕೈಮುಗಿಯುತ್ತಾ ನಿಂತಿದ್ದರು. ಇಬ್ಬರೂ ಎದುರುಬದುರಾದರು. ನಾನು ಕಂಬದ ಹಿಂದೆ ಇನ್ನಷ್ಟು ಸರಿದೆ.

“ಏಂ ಬಾವಾ” ಎಂದ ರವಣಪ್ಪ. ತೆಲುಗಿನಲ್ಲಿ, ‘ಏನು ಭಾವ’ ಎಂದು.

ಅಂಜಿನಪ್ಪ ಅವನ ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿದರು, ಅವನ ಮುಖ ನೋಡಿದರು. “ತಿಂಡಿ ಆಯ್ತಾ?” ಎಂದರು.

“ಇನ್ನೂ ಇಲ್ಲ.”

“ಆಮೇಲೆ ತಿನ್ನುವಂತೆ. ಮೊದ್ಲು ಹುಡುಗೀನ ಕರ್ಕೊಂಡು ಬಾ, ಹೊತ್ತಾಯ್ತು.”

ಸೋದರಮಾವನ ಕೈ ಹಿಡಿದು ಚೈತ್ರ ಹಸೆಮಣೆಗೆ ಬಂದಳು. ಪಾರ್ವತಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನೋಡಿ ನನಗೂ ಅಳು ಬಂತು. ಊಟದ ಹೊತ್ತಿನಲ್ಲಿ ಆಕೆ ನನ್ನನ್ನು ಹುಡುಕಿಕೊಂಡು ಬಂದು ಎರಡೂ ಕೈ ಹಿಡಿದುಕೊಂಡರು.

“ಸುಶೀಲಮ್ಮಾ, ಇವರು ತೆಗೆಸಿ ಬಂದಿದ್ದ ಹೆಸ್ರನ್ನ ನೀವು ವಾಪಸ್ ಹಾಕಿದ್ದನ್ನ ನಾನು ಬದುಕಿರೋವರ್ಗೂ ಮರೆಯಲ್ಲ.”

“ಅಯ್ಯೋ, ನಾನು ಹಾಕ್ಲಿಲ್ಲಮ್ಮಾ. ಅದು ಸಾಫ್ಟ್‌ವೇರ್ ಮಾಡಿದ್ದು.”

“ಹೌದೌದು, ಕೇಳಿದೋರಿಗೆ ಹಂಗೇ ಹೇಳಿ” ಎಂದು ಕಣ್ಣು ಮಿಟುಕಿಸಿ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ ಹೋದರು. ಮಾಡದ ಉಪಕಾರಕ್ಕೆ ಬಂದ ಹೋಳಿಗೆಯನ್ನು ಏನು ಮಾಡುವುದು? ತಿಂದೆ.

ಕೆಲವು ದಿನಗಳ ಮೇಲೆ ಅಂಜಿನಪ್ಪ ಅಂಗಡಿಗೆ ಬಂದರು. ಕೈಯಲ್ಲಿ ತಾಂಬೂಲದ ಚೀಲ. ಮುಖ ಗಂಭೀರ. “ಪತ್ರಿಕೇಲಿ ಏನೋ ಹೆಚ್ಚುಕಮ್ಮಿ ಆಗಿತ್ತಲ್ಲಮ್ಮಾ” ಎಂದರು.

ನಾನು ಅಷ್ಟು ದಿನಗಳಿಂದ ಬಾಯಿಪಾಠ ಮಾಡಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಯಂತ್ರದ ಮೆಮೊರಿ ತುಂಬಿತ್ತು, ಲೋಡ್ ಜಾಸ್ತಿಯಾಗಿತ್ತು, ಸಾಫ್ಟ್‌ವೇರ್ ತಾನಾಗಿ ನಿಮ್ಮ ಫೈಲನ್ನು ಮಲಗಿಸಿತು, ಹಳೆಯದು ಮೇಲೆದ್ದು ಬಂತು. ಮೂಲೆಯಿಂದ ನಮ್ಮ ಮನೆಯವರೂ “ಮೇಲಿಂದ ಹೋಗಿತ್ತು ಅಣ್ಣಾ” ಎಂದು ದನಿಗೂಡಿಸಿದರು. ಅಂಜಿನಪ್ಪ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

“ಯಾವ್ದದು ಸಾಫ್ಟ್‌ವೇರು, ತೋರ್ಸು.”

ಹಸಿರು ಚಕ್ರ ತೋರಿಸಿದೆ. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಾಗಿ ನೋಡಿದರು.

“ಕನ್ನಡಕ ಇವತ್ತು ತಂದಿದ್ದೀರಿ” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಆವತ್ತೂ ತಂದಿದ್ದೆ ಕಣಮ್ಮಾ. ಈ ಜೇಬಲ್ಲೇ ಇತ್ತು.”

ನಮ್ಮ ಮನೆಯವರು ಪೇಪರ್ ಕೆಳಗಿಟ್ಟರು.

“ಪಾರ್ವತಿ ಹೆಂಗಾದ್ರೂ ಮಾಡಿ ನಿನ್ನ ಹತ್ರ ಆ ಹೆಸ್ರು ಮತ್ತೆ ಹಾಕಿಸ್ತಾಳೆ ಅಂತ ಗೊತ್ತಿತ್ತು ನಂಗೆ. ಕನ್ನಡಕ ಹಾಕ್ಕೊಂಡ್ರೆ ನಾನೇ ಓದ್ಬೇಕು. ಓದಿದ್ರೆ ತೆಗಿ ಅನ್ಬೇಕು. ಒಂದ್ಸಲ ತೆಗಿ ಅಂದೋನು ಇನ್ನೊಂದ್ಸಲ ಇರ್ಲಿ ಅನ್ನೋಕಾಗ್ತದಾ? ಅವಳು ಆ ಜಾಗಕ್ಕೆ ಬಂದು ಗಂಟಲು ಸರಿಮಾಡ್ಕೊಂಡ್ಳು ನೋಡು, ಆವಾಗ ನೆಮ್ಮದಿ ಆಯ್ತು.”

“ಅಣ್ಣಾ, ಅವರು ಹಾಕಿಸ್ಲಿಲ್ಲ. ನಾನೂ ಹಾಕ್ಲಿಲ್ಲ. ನಿಜವಾಗಿ ಇದೇ...” ಎಂದು ಚಕ್ರದ ಕಡೆ ಕೈ ತೋರಿಸಿದೆ.

“ಸರಿ ಬಿಡಮ್ಮಾ, ಅದೇ ಮಾಡ್ತು ಅಂತಿರ್ಲಿ. ನಂಗೆ ಗೊತ್ತಿತ್ತು ಅಂತ ಅವಳಿಗೆ ಹೇಳ್ಬೇಡ. ಇದನ್ನ ತೆಗೆದುಹಾಕ್ಬೇಡ. ಯಾರಿಗೂ ನೋವಾಗ್ದಂಗೆ ಬೈಸ್ಕೊಳ್ಳೋಕೆ ಒಬ್ರು ಇರ್ಬೇಕು.” ಅವರ ಕಣ್ಣು ಪರದೆಯ ಅಂಚಿಗೆ ಹೋಯಿತು. “ನಮ್ದು ಇನ್ನೂ ತೆಗ್ದೇ ಇಟ್ಟಿದ್ದೀಯಾ?”

ಇನ್ನು ಯಾರನ್ನೂ ಮಲಗಿಸಬೇಡ ಎಂದು ಚಕ್ರಕ್ಕೆ ಆವತ್ತೇ ಹೇಳಿಟ್ಟಿದ್ದೆ, ಮದುವೆಯ ಗಡಿಬಿಡಿಯಲ್ಲಿ ನಾನೂ ಅವರದನ್ನು ಮುಚ್ಚಲು ಮರೆತಿದ್ದೆ. ಮೇಲಕ್ಕೆ ತಂದೆ. ಅಂಜಿನಪ್ಪ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡು, ಬೆರಳನ್ನು ಪರದೆಯ ಮೇಲಿಟ್ಟು, ಹೆಸರುಗಳನ್ನೆಲ್ಲ ದಾಟಿ ಆ ಸಾಲಿಗೆ ಬಂದರು. “ಸೋದರಮಾವನ ಆಶೀರ್ವಾದಗಳೊಂದಿಗೆ” ಎಂದು ಅಕ್ಷರ ಅಕ್ಷರವಾಗಿ ಓದಿದರು. “ಶ್ರೀ ರವಣಪ್ಪ. ತೊಂಡೇಬಾವಿ.” ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು.

“ಇನ್ನು ಮುಚ್ಚಮ್ಮಾ” ಎಂದರು.

ಮುಚ್ಚಿದೆ. ಮೂಲೆಯ ಚಕ್ರದ ಭಾರ, ನಾನು ಒತ್ತದೆಯೇ, ಸ್ವಲ್ಪ ಇಳಿಯಿತು.